ಹೊಗೆಸೊಪ್ಪಿನ ಬ್ಯಾರನ್ನೂ ಮರಾಕೆಶ್ ಒಪ್ಪಂದವೂ



ಆಗಸ್ಟ್ ಬಂತೆಂದರೆ ಹಾರನಹಳ್ಳಿಯ ಸೀಮೆಯಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳು ಹಗಲಿರುಳು ಉರಿಯುತ್ತವೆ. ಒಂದು ಕಿಲೋ ಸೊಪ್ಪು ಹದವಾಗಲು ಸುಮಾರು 4ರಿಂದ 5 ಕಿಲೋ ಸೌದೆ ಬೇಕು. ಹದವಾದ ಸೊಪ್ಪು ಪಿರಿಯಾಪಟ್ಟಣ, ಕಂಪಲಾಪುರ, ಚಿಲ್ಕುಂದ, ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆ ಸೇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹಡಗನ್ನೇರುತ್ತದೆ. ಬ್ರೆಜಿಲ್‌ನಲ್ಲೋ ಜಿಂಬಾಬ್ವೆಯಲ್ಲೋ ಬೆಳೆ ಹೆಚ್ಚಾದರೆ ಇಲ್ಲಿಯ ಹರಾಜಿನ ಕೂಗು ತಗ್ಗುತ್ತದೆ.

ಈ ನಂಟಿಗೆ ನಿಯಮಗಳನ್ನು ಬರೆದದ್ದು 1994ರ ಏಪ್ರಿಲ್ 15ರಂದು ಮರಾಕೆಶ್‌ನಲ್ಲಿ ಸಹಿಯಾದ ಒಪ್ಪಂದ. ಅದಕ್ಕೆ ಮುನ್ನ, 1993ರ ಅಕ್ಟೋಬರ್‌ನಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ಲಕ್ಷಾಂತರ ರೈತರು ಬೆಂಗಳೂರಿನಲ್ಲಿ ನೆರೆದು ಡಂಕೆಲ್ ಪ್ರಸ್ತಾವವನ್ನು ವಿರೋಧಿಸಿದ್ದರು. ಬಾಗಿಲು ಎಲ್ಲರಿಗೂ ತೆರೆಯುವುದೆಂದು ಆಗ ಹೇಳಲಾಯಿತು. ಆದರೆ ಅಮೆರಿಕವು 1995ರಲ್ಲಿ ಸಿಗರೇಟು ತಂಬಾಕಿನ ಆಮದನ್ನು ದೇಶವಾರು ಕೋಟಾದೊಳಗೆ ಇರಿಸಿತು. ಕೋಟಾ ಮೀರಿದ ಸೊಪ್ಪಿಗೆ ಶೇ. 350 ಸುಂಕ. ಇದು ಒಪ್ಪಂದದ ಉಲ್ಲಂಘನೆಯಲ್ಲ, ಒಪ್ಪಂದದ ಒಳಗೇ ಕಟ್ಟಿದ ಗೋಡೆ. ಕರಡು ಬರೆಯುವ ಮೇಜಿನ ಬಳಿ ಬಲವುಳ್ಳವನಿಗೆ ಇಂತಹ ಗೋಡೆಗಳು ದಕ್ಕುತ್ತವೆ.

ಭಾರತವೋ ಸೋಯಾ ಎಣ್ಣೆಯ ಸುಂಕವನ್ನು ಶೇ. 45ಕ್ಕಿಂತ ಏರಿಸುವುದಿಲ್ಲವೆಂದು ಮಾತು ಕೊಟ್ಟಿತು. ಪರಿಮಾಣ ನಿರ್ಬಂಧಗಳ ವ್ಯಾಜ್ಯದಲ್ಲಿ ಅಮೆರಿಕಕ್ಕೆ ಸೋತು, 2001ರ ಏಪ್ರಿಲ್ 1ರಂದು ಉಳಿದ 715 ಸರಕುಗಳ ಮೇಲಿನ ತಡೆಯನ್ನೂ ತೆಗೆಯಿತು. ಎಲ್ಲ ದೋಷವನ್ನೂ ಹೊರಗಿನವರ ಮೇಲೆ ಹೊರಿಸುವುದು ಮಾತ್ರ ನ್ಯಾಯವಲ್ಲ: ತಾಳೆ ಎಣ್ಣೆಗೆ ಶೇ. 300ರವರೆಗೆ ಸುಂಕ ವಿಧಿಸುವ ಹಕ್ಕು ದೆಹಲಿಯ ಕೈಯಲ್ಲೇ ಇತ್ತು. 2008ರಲ್ಲಿ ಕಚ್ಚಾ ಎಣ್ಣೆಯ ಸುಂಕವನ್ನು ಅದೇ ದೆಹಲಿ ಸೊನ್ನೆಗಿಳಿಸಿತು. ಬೆಲೆಯೇರಿಕೆಯ ವರ್ಷವದು, ಕೊಳ್ಳುವವರ ಗೋಳೂ ಸುಳ್ಳಾಗಿರಲಿಲ್ಲ. ಇಂದು ದೇಶ ತನಗೆ ಬೇಕಾದ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುತ್ತದೆ.

ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳದ ಜೊತೆಗೆ ನಿಲ್ಲುತ್ತಿದ್ದ ಹುಚ್ಚೆಳ್ಳನ್ನು ಹಿರಿಯರು ಬಲ್ಲರು. ಅದು ಸೌದೆ ಕೇಳುತ್ತಿರಲಿಲ್ಲ; ಎಣ್ಣೆ ಮನೆಗೆ, ಹಿಂಡಿ ದನಕ್ಕೆ. ಅದು ವಿರಳವಾದುದಕ್ಕೆ ಅಗ್ಗದ ಎಣ್ಣೆಯೊಂದೇ ಕಾರಣವಲ್ಲ, ಸೊಪ್ಪಿನ ರೊಕ್ಕದ ಸೆಳೆತವೂ ಇತ್ತು. ಎರಡೂ ಒಂದೇ ಕಡೆಗೆ ತಳ್ಳಿದವು. ಸುಂಕದ ಪಟ್ಟಿಯಲ್ಲಿ ಸೊಪ್ಪಿಗೂ ಎಣ್ಣೆಗೂ ಒಂದೊಂದು ಸಾಲು ಇದೆ. ಬ್ಯಾರನ್ನಿನಲ್ಲಿ ಬೂದಿಯಾದ ಮರಕ್ಕೆ ಸಾಲಿಲ್ಲ. ರಫ್ತಾದ ಪ್ರತಿ ಬೇಲಿನೊಡನೆ ಅದರ ನಾಲ್ಕೈದು ಪಟ್ಟು ತೂಕದ ಮರವೂ ಬೆಲೆಯಿಲ್ಲದೆ ಹೋಗಿದೆ.

2019ರಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಆರ್‌ಸಿಇಪಿ ಒಪ್ಪಂದವಾದರೆ ನ್ಯೂಜಿಲೆಂಡಿನ ಹಾಲಿನ ಪುಡಿ ನುಗ್ಗುವುದೆಂದು ಹಾಲು ಉತ್ಪಾದಕರು ಸಹಿಗೆ ಮುನ್ನವೇ ಬೀದಿಗಿಳಿದರು. ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಹೊರಗುಳಿಯಿತು. ಸೊಪ್ಪಿನ ಹಣ ವರ್ಷಕ್ಕೊಂದು ಹಂಗಾಮಿನದು. ಆ ಹಣ ಬರುವವರೆಗೆ ಎಷ್ಟೋ ಮನೆಗಳ ಸಂತೆಯ ಖರ್ಚು ನಡೆಯುವುದು ಡೇರಿಗೆ ಹಾಕಿದ ಹಾಲಿನಿಂದ.