ಮೂರು ಕೆಂಪು ದೀಪ

ವೀಕ್ಷಕರೇ, ದುಡ್ಡು ಕೊಟ್ಟು ತಂದ ವಸ್ತು ಕೆಟ್ಟರೆ ಸರ್ವಿಸ್ ಸೆಂಟರ್‌ನವರ ಮೊದಲ ಪ್ರಶ್ನೆ ಏನು? ‘ನೀವೇನ್ ಮಾಡಿದ್ರಿ ಇದಕ್ಕೆ?’

2005ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅಮೆರಿಕದಲ್ಲಿ ಎಕ್ಸ್‌ಬಾಕ್ಸ್ 360 ಅನ್ನೋ ಗೇಮ್ ಕನ್ಸೋಲ್ ಬಿಟ್ಟಿತು. ವಾರಂಟಿ ಎಷ್ಟು ಗೊತ್ತಾ? ಬರೀ 90 ದಿನ! ಆಡ್ತಾ ಆಡ್ತಾ ಪರದೆ ನಿಂತುಹೋಗೋದು, ಪವರ್ ಬಟನ್ ಸುತ್ತ ಮೂರು ಕೆಂಪು ದೀಪ ಉರಿಯೋದು. ಅಲ್ಲಿಗೆ ಡಬ್ಬದ ಕಥೆ ಮುಗೀತು. ಕಾದು, ಆರಿ, ಮತ್ತೆ ಕಾದು ಚಿಪ್‌ನ ಸೂಕ್ಷ್ಮ ಬೆಸುಗೆ ಬಿಟ್ಟುಕೊಳ್ಳುತ್ತಿತ್ತು. ಇದರಲ್ಲಿ ಆಡೋ ಹುಡುಗನ ತಪ್ಪೇನ್ರೀ?

ಕಂಪನಿ ಮೊದಲು ವಾರಂಟಿಯನ್ನು 1 ವರ್ಷ ಮಾಡಿತು. ಗಲಾಟೆ ನಿಲ್ಲಲಿಲ್ಲ. 2007ರ ಜುಲೈನಲ್ಲಿ ಈ ದೋಷಕ್ಕೆ 3 ವರ್ಷದ ವಾರಂಟಿ ಘೋಷಿಸಿ, 100 ಕೋಟಿ ಡಾಲರ್‌ಗೂ ಹೆಚ್ಚು ಎತ್ತಿಟ್ಟಿತು. ಆಗಲೇ ದುಡ್ಡು ಕೊಟ್ಟು ರಿಪೇರಿ ಮಾಡಿಸಿದವರಿಗೂ ಹಣ ವಾಪಸ್! ದಾನ ಅಲ್ಲ ಸ್ವಾಮಿ, ಗ್ರಾಹಕರು ಸುಮ್ಮನೆ ಕೂರಲಿಲ್ಲ.

ಅಲ್ಲೂ ಒಂದು ಕಿರಿಕಿರಿ ಉಳಿಯಿತು. ಎಷ್ಟೋ ಸಲ ವಾಪಸ್ ಬರ್ತಿದ್ದದ್ದು ಬೇರೆಯದೇ ಡಬ್ಬ. ಡೌನ್‌ಲೋಡ್ ಮಾಡಿದ ಆಟಗಳ ಲೈಸೆನ್ಸ್ ಹಳೇ ಡಬ್ಬಕ್ಕೆ ಅಂಟಿಕೊಂಡಿತ್ತು. ಇಂಟರ್ನೆಟ್ ಇಲ್ಲದಿದ್ದರೆ, ಕಾಸು ಕೊಟ್ಟ ಆಟವೂ ಟ್ರಯಲ್ ಆಟ!

ನೀವು ಮೊಬೈಲೇ ಕೊಡಿ, ಟಿವಿಯೇ ಕೊಡಿ, ಕೊಡೋ ಮುಂಚೆ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ, ನಾಲ್ಕು ಫೋಟೋ ತೆಗೆದಿಡಿ. ಜಾಬ್ ಶೀಟ್ ಕೇಳಿ ಪಡೀರಿ. ‘ಆಮೇಲೆ ಕೊಡ್ತೀವಿ’ ಅಂದ್ರೆ ಕೌಂಟರ್ ಬಿಟ್ಟು ಕದಲಬೇಡಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, 1915ಕ್ಕೆ ಫೋನ್ ಮಾಡಿ.