ಆಟದ ನಡುವಿನ ಬ್ಯಾಂಡು: ರಂಜನೆಯ ಗುಟ್ಟೇನು?



ಪ್ರತಿ ವರ್ಷ ಜನವರಿ 29ರ ಸಂಜೆ ದೆಹಲಿಯ ವಿಜಯ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್ ಕಾರ್ಯಕ್ರಮವನ್ನು ನಿಮ್ಮಲ್ಲಿ ಅನೇಕರು ಕಿರುತೆರೆಯ ಮೇಲೆ ನೋಡಿರುತ್ತೀರಿ. ದಸರೆಯ ರಾತ್ರಿ ಮೈಸೂರಿನ ಬನ್ನಿಮಂಟಪದಲ್ಲಿ ನಡೆಯುವ ಪಂಜಿನ ಕವಾಯತನ್ನು ಕಂಡವರೂ ಇರುತ್ತೀರಿ. ಅಲ್ಲಿ ಬ್ಯಾಂಡು ಎಂದರೆ ಗಾಂಭೀರ್ಯ. ನಾವು ಸುಮ್ಮನೆ ಕುಳಿತು, ಗೌರವದಿಂದ ನೋಡುತ್ತೇವೆ. ಅದೇ ಸೈನಿಕ ಬ್ಯಾಂಡಿನ ವಂಶದಲ್ಲಿ ಹುಟ್ಟಿ, ಗಾಂಭೀರ್ಯವನ್ನು ಅರ್ಧ ಉಳಿಸಿಕೊಂಡು, ಇನ್ನರ್ಧವನ್ನು ನಗುನಗುತ್ತಾ ಬಿಟ್ಟುಕೊಟ್ಟ ಕೂಸೊಂದು ಅಮೆರಿಕದ ಕಾಲೇಜುಗಳಲ್ಲಿ ಬೆಳೆದಿದೆ. ಫುಟ್‌ಬಾಲ್ ಪಂದ್ಯದ ನಡುವಿನ ವಿರಾಮದಲ್ಲಿ ವಿದ್ಯಾರ್ಥಿಗಳು ನಡೆಸುವ ಬ್ಯಾಂಡ್ ಪ್ರದರ್ಶನವೇ ಆ ಕೂಸು. ಅದು ಜನರನ್ನು ರಂಜಿಸುವುದು ಹೇಗೆ ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಮೊದಲು ಸಂದರ್ಭವನ್ನು ತಿಳಿದುಕೊಳ್ಳಬೇಕು. ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಕೆಡವುವ ಆಟ. ಕಾಲೇಜು ಪಂದ್ಯಗಳಲ್ಲಿ ಅರ್ಧ ಆಟ ಮುಗಿದ ಮೇಲೆ ಸಾಮಾನ್ಯವಾಗಿ ಇಪ್ಪತ್ತು ನಿಮಿಷಗಳ ವಿರಾಮ. ಆಟಗಾರರು ಒಳಗೆ ಹೋಗುತ್ತಾರೆ. ಪ್ರೇಕ್ಷಕರೂ ಏಳುತ್ತಾರೆ. ಒಬ್ಬನಿಗೆ ಕಾಫಿ ಬೇಕು, ಇನ್ನೊಬ್ಬನಿಗೆ ತಿಂಡಿ ಬೇಕು, ಮತ್ತೊಬ್ಬನಿಗೆ ಕಾಲು ನೀಡಿದರೆ ಸಾಕಾಗಿದೆ. ದೂರದರ್ಶನದಲ್ಲಿ ನೋಡುವವರಿಗಂತೂ ಆ ವೇಳೆಗೆ ಜಾಹೀರಾತುಗಳು ಮತ್ತು ಪರಿಣತರ ಚರ್ಚೆ. ಅಂದರೆ ಯಾರೂ ನೋಡಲೇಬೇಕೆಂಬ ಕಟ್ಟುಪಾಡಿಲ್ಲದ ಹೊತ್ತಿನಲ್ಲಿ ಈ ಮಕ್ಕಳು ಮೈದಾನಕ್ಕೆ ಇಳಿಯುತ್ತಾರೆ. ಎದ್ದು ಹೊರಟವನನ್ನು ಮತ್ತೆ ಕೂರಿಸುವುದೇ ಅವರ ಕೆಲಸ. ಅವರ ಎಲ್ಲ ಉಪಾಯಗಳೂ ಈ ಒಂದು ಅಗತ್ಯದಿಂದಲೇ ಹುಟ್ಟಿದವು ಎನ್ನಬಹುದು.

ಹಾಗೆ ಎದ್ದು ಹೊರಡುತ್ತಿದ್ದವರಲ್ಲಿ ನನ್ನ ಸೋದರಳಿಯನೂ ಒಬ್ಬ. ಆತ ಬಹಳ ವರ್ಷಗಳಿಂದ ಆ ದೇಶದಲ್ಲಿದ್ದಾನೆ. ಅವನ ಮಗಳು ಅಲ್ಲಿನ ಒಂದು ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಓದುತ್ತಾ, ಬ್ಯಾಂಡಿನಲ್ಲಿ ಟ್ರಾಂಬೋನ್ ನುಡಿಸುತ್ತಿದ್ದಳು. ತಂದೆಗೆ ಇದು ಸರಿಬಂದಿರಲಿಲ್ಲ. ‘ಓದುವ ಹೊತ್ತಿನಲ್ಲಿ ಮದುವೆ ಮನೆಯ ಬ್ಯಾಂಡಿನವರ ಹಾಗೆ ಊದುತ್ತಾ ತಿರುಗುತ್ತಾಳೆ’ ಎಂದು ನನ್ನ ಬಳಿ ದೂರಿದ್ದ. ಇಬ್ಬರ ನಡುವೆ ಆ ವಿಷಯದಲ್ಲಿ ಮಾತು ನಿಂತೇ ಹೋಗಿತ್ತು. ನಾನು ಅವರಲ್ಲಿಗೆ ಹೋಗಿದ್ದಾಗ ಮೂವರೂ ಸೇರಿ ಎರಡು ಪಂದ್ಯಗಳಿಗೆ ಹೋದೆವು. ಅವಳು ಮೈದಾನದಲ್ಲಿ, ನಾವಿಬ್ಬರು ಮೇಲೆ.

ಮೊದಲ ದಿನ ನಮಗೆ ಸಿಕ್ಕಿದ್ದು ಮೈದಾನದ ಪಕ್ಕದ ಕೆಳಗಿನ ಸಾಲು. ನನಗೆ ಕಂಡದ್ದು ಬರೀ ಕಾಲುಗಳು, ಬೆನ್ನುಗಳು, ಹಿತ್ತಾಳೆಯ ಹೊಳಪು. ಇದರಲ್ಲಿ ಏನು ಸೊಗಸು ಎನ್ನಿಸಿತು. ಸೋದರಳಿಯ ಕಾಫಿಗೆ ಹೋದ. ಎರಡನೆಯ ಸಲ ಸಿಕ್ಕಿದ್ದು ತೀರ ಮೇಲಿನ, ಅಗ್ಗದ ಆಸನ. ಅಲ್ಲಿಂದ ನೋಡಿದಾಗ ಕಣ್ಣು ತೆರೆಯಿತು. ಕೆಳಗೆ ಗೊಂದಲವಾಗಿ ಕಂಡದ್ದು ಮೇಲಿನಿಂದ ರಂಗೋಲಿಯಾಗಿತ್ತು. ವ್ಯತ್ಯಾಸವೆಂದರೆ ಈ ರಂಗೋಲಿಯ ಚುಕ್ಕೆಗಳು ಎದ್ದು ನಡೆಯುತ್ತಿದ್ದವು. ಮೈದಾನವನ್ನು ಒಂದು ಹಾಳೆಯೆಂದು ಭಾವಿಸಿ, ಎತ್ತರದಲ್ಲಿ ಕುಳಿತವನ ಕಣ್ಣಿಗೆ ಬರೆಯುವ ಚಿತ್ರ ಇದು.

ಈ ಚಿತ್ರಕಲೆಗೆ ನೂರು ವರ್ಷ ದಾಟಿದೆ. 1907ರಲ್ಲಿ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾನಿಲಯದ ಬ್ಯಾಂಡಿನವರು ಸೈನಿಕರ ಸಾಲನ್ನು ಮುರಿದು, ಮೈದಾನದ ಮೇಲೆ ‘ಪಿ’ ಎಂಬ ಇಂಗ್ಲಿಷ್ ಅಕ್ಷರದ ಆಕಾರದಲ್ಲಿ ನಿಂತರು. ಸಾಲಾಗಿ ನಡೆಯುವುದಷ್ಟೇ ಬ್ಯಾಂಡಿನ ಕೆಲಸವಲ್ಲ ಎಂಬುದು ಅಲ್ಲಿಂದ ಮುಂದೆ ನಿಧಾನವಾಗಿ ರೂಢಿಯಾಯಿತು.

ಅಕ್ಷರ ಬರೆಯುವುದರಲ್ಲಿ ಬಹಳ ಹೆಸರಾದದ್ದು ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಬ್ಯಾಂಡು. 1936ರ ಅಕ್ಟೋಬರ್ 10ರಂದು ಅವರು ‘ಒಹಾಯೋ’ ಎಂಬ ಹೆಸರನ್ನು ಕೂಡಕ್ಷರದ ಇಂಗ್ಲಿಷಿನಲ್ಲಿ, ನಡೆಯುತ್ತಾ ಬರೆದರು. ಮುಂದಾಳಾದ ಡ್ರಮ್ ಮೇಜರ್ ಲೇಖನಿಯ ಮೊನೆಯಂತೆ ಮುಂದೆ ಸಾಗುತ್ತಾನೆ. ಉಳಿದವರು ಒಬ್ಬರ ಹಿಂದೆ ಒಬ್ಬರು ಶಾಯಿಯಂತೆ ಹರಿಯುತ್ತಾರೆ. ಇಂದಿಗೂ ಆಟದ ಮುಂಚೆಯೋ ನಡುವೆಯೋ ಇದು ನಡೆಯುತ್ತದೆ. ಕೊನೆಯಲ್ಲಿ ‘ಐ’ ಅಕ್ಷರದ ಮೇಲಿನ ಚುಕ್ಕೆ ಮಾತ್ರ ಉಳಿಯುತ್ತದೆ. ಆಗ ಸೂಸಾಫೋನ್ ಎಂಬ, ಮೈಗೆ ಹೆಬ್ಬಾವಿನಂತೆ ಸುತ್ತಿಕೊಂಡ ದೊಡ್ಡ ಹಿತ್ತಾಳೆ ವಾದ್ಯವನ್ನು ಹೊತ್ತ ಹಿರಿಯ ವಿದ್ಯಾರ್ಥಿಯೊಬ್ಬರು ಸಾಲಿನಿಂದ ಹೊರಬಂದು, ಕಾಲು ಚಿಮ್ಮುತ್ತಾ ಹೋಗಿ, ಚುಕ್ಕೆಯ ಜಾಗದಲ್ಲಿ ನಿಂತು ಎರಡೂ ಕಡೆಯ ಪ್ರೇಕ್ಷಕರಿಗೆ ಆಳವಾಗಿ ಬಾಗಿ ನಮಸ್ಕರಿಸುತ್ತಾರೆ. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹಿಡಿಸುವ ಆ ಕ್ರೀಡಾಂಗಣ ಆಗ ಹೋ ಎಂದು ಕೂಗುತ್ತದೆ. ಅಕ್ಷರಕ್ಕೆ ತಲಕಟ್ಟು ಕೊಟ್ಟಷ್ಟೇ ಸಣ್ಣ ಕೆಲಸ. ಆದರೆ 1978ರಲ್ಲಿ ಹಾಸ್ಯನಟ ಬಾಬ್ ಹೋಪ್, 2009ರಲ್ಲಿ ಗಗನಯಾತ್ರಿ ಜಾನ್ ಗ್ಲೆನ್ ಅಂಥವರಿಗೆ ಆ ಚುಕ್ಕೆಯಾಗುವ ಅವಕಾಶವನ್ನು ಗೌರವವೆಂದು ಕೊಟ್ಟರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಏನು ಬರೆಯುತ್ತಾರೆಂದು ಎಲ್ಲರಿಗೂ ಮೊದಲೇ ಗೊತ್ತು. ಆದರೂ ಯಾಕೆ ಇಷ್ಟು ಸಂಭ್ರಮ? ನಮ್ಮ ಯಕ್ಷಗಾನದ ಪ್ರೇಕ್ಷಕನನ್ನು ನೆನೆಸಿಕೊಂಡರೆ ಉತ್ತರ ಸುಲಭ. ಕಥೆ ಅವನಿಗೆ ಬಾಯಿಪಾಠ. ಆದರೂ ಬಣ್ಣದ ವೇಷ ಪ್ರವೇಶಿಸುವ ಗಳಿಗೆಗಾಗಿ ನಿದ್ದೆಗೆಟ್ಟು ಕಾಯುತ್ತಾನೆ. ಕಾಯುವುದರಲ್ಲೇ ಅರ್ಧ ರಸವಿದೆ. ರಂಜನೆಯ ಒಂದು ಕಾಲು ಪರಿಚಯದ ಮೇಲೆ ನಿಂತಿದೆ.

ಇನ್ನೊಂದು ಕಾಲು ಅಚ್ಚರಿ. ಅದೇ ಬ್ಯಾಂಡು 2012ರ ಅಕ್ಟೋಬರಿನಲ್ಲಿ ವಿಡಿಯೋ ಆಟಗಳ ಸಂಗೀತವನ್ನು ಆಯ್ದುಕೊಂಡು ಒಂದು ಪ್ರದರ್ಶನ ನೀಡಿತು. ನೋಡನೋಡುತ್ತಾ ಮೈದಾನದ ಮೇಲೆ ಒಂದು ದೊಡ್ಡ ಕುದುರೆಯ ಆಕಾರ ಮೂಡಿತು. ಅಷ್ಟಕ್ಕೇ ನಿಂತಿದ್ದರೆ ಜನ ಚಪ್ಪಾಳೆ ತಟ್ಟಿ ಸುಮ್ಮನಾಗುತ್ತಿದ್ದರು. ಆ ಕುದುರೆ ನಾಗಾಲೋಟದಲ್ಲಿ ಓಡತೊಡಗಿತು! ಮುಂದಿನ ವರ್ಷ ಮೈಕಲ್ ಜಾಕ್ಸನ್ ಅವರ ನೆನಪಿನಲ್ಲಿ ಮನುಷ್ಯಾಕೃತಿಯೊಂದು ಅವರಂತೆಯೇ ಹಿಂದಕ್ಕೆ ಜಾರುವ ನಡಿಗೆಯನ್ನು ನಡೆಯಿತು. ಈ ದೃಶ್ಯಗಳನ್ನು ಜಗತ್ತಿನಾದ್ಯಂತ ಲಕ್ಷಾಂತರ ಮಂದಿ ಇಂಟರ್‌ನೆಟ್ಟಿನಲ್ಲಿ ನೋಡಿದರು. ಕೇಳುವ ಹಾಡು ಗೊತ್ತಿರುವುದು, ಕಾಣುವ ಆಕಾರ ಗುರುತು ಸಿಗುವುದು, ಆದರೆ ಮರುಗಳಿಗೆ ಅದು ಏನು ಮಾಡುವುದೆಂದು ಗೊತ್ತಿಲ್ಲದಿರುವುದು. ಪರಿಚಯ ಮತ್ತು ಅಚ್ಚರಿಗಳ ಈ ಹದವೇ ಎದ್ದು ಹೊರಟವನನ್ನು ತಡೆದು ನಿಲ್ಲಿಸುತ್ತದೆ. ಎಷ್ಟೇ ಕಠಿಣವಾದ ಸಂಗೀತವಾಗಲಿ, ಅದರಲ್ಲಿ ಪ್ರೇಕ್ಷಕನಿಗೆ ಹಿಡಿದುಕೊಳ್ಳಲು ಒಂದು ಎಳೆ ಇಲ್ಲದಿದ್ದರೆ ಅವನು ಕಾಫಿಗೆ ಹೋಗಿಯೇ ಹೋಗುತ್ತಾನೆ.

ಇದರ ಹಿಂದಿನ ದುಡಿಮೆ ಎಂಥದೆಂದು ನಮ್ಮ ಹುಡುಗಿ ನನಗೆ ವಿವರಿಸಿದಳು. ಮೈದಾನದ ಉದ್ದ ಎರಡು ಗೋಲು ಗೆರೆಗಳ ನಡುವೆ 100 ಗಜ. ಐದೈದು ಗಜಕ್ಕೊಂದು ಬಿಳಿ ಗೆರೆ. ಬಹಳಷ್ಟು ಬ್ಯಾಂಡುಗಳಲ್ಲಿ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಸರಿಯಾಗಿ ಎಂಟು ಹೆಜ್ಜೆ. ಅಂದರೆ ಒಂದು ಹೆಜ್ಜೆ ಇಪ್ಪತ್ತೆರಡೂವರೆ ಅಂಗುಲ. ಆರಡಿ ಎತ್ತರದ ಹುಡುಗನದೂ ಅಷ್ಟೇ, ಐದಡಿಯ ಹುಡುಗಿಯದೂ ಅಷ್ಟೇ. ಕೆಳಗೆ ನೋಡುವಂತಿಲ್ಲ, ಊದುವುದನ್ನು ನಿಲ್ಲಿಸುವಂತಿಲ್ಲ.

ಇನ್ನೊಂದು ತೊಡಕು ಶಬ್ದದ್ದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುತ್ತದೆ. ಮೈದಾನದ ಒಂದು ತುದಿಯ ನಾದ 91 ಮೀಟರ್ ದೂರದ ಇನ್ನೊಂದು ತುದಿಯನ್ನು ಮುಟ್ಟಲು ಕಾಲು ಸೆಕೆಂಡಿಗಿಂತ ಹೆಚ್ಚು ಬೇಕು. ನಿಮಿಷಕ್ಕೆ 120 ಹೆಜ್ಜೆಗಳ ನಡಿಗೆಯಲ್ಲಿ ಅದು ಅರ್ಧ ತಾಳಕ್ಕಿಂತ ಹೆಚ್ಚು! ಪಕ್ಕದವನನ್ನು ಕೇಳಿ ನುಡಿಸಿದರೆ ಇಡೀ ಹಾಡು ಹರಿದ ಬಟ್ಟೆಯಾಗುತ್ತದೆ. ಆದ್ದರಿಂದ ಕಿವಿಗಿಂತ ಕಣ್ಣನ್ನು ನಂಬಬೇಕು. ಡ್ರಮ್ ಮೇಜರನ ಕೈಯನ್ನು ನೋಡಬೇಕು. ಕೇಳುವುದಾದರೆ ಹಿಂದಿನಿಂದ ಬರುವ ಡ್ರಮ್ಮುಗಳನ್ನು ಮಾತ್ರ ಕೇಳಬೇಕು. ಆಗ ಹಿಂದಿನವರ ನಾದವೂ ಮುಂದಿನವರ ನಾದವೂ ಕೂಡಿ ಒಟ್ಟಿಗೆ ಪ್ರೇಕ್ಷಕರನ್ನು ತಲುಪುತ್ತವೆ. ಪ್ರೇಕ್ಷಕನಿಗೆ ಈ ಲೆಕ್ಕ ಯಾವುದೂ ತಿಳಿಯಬೇಕಿಲ್ಲ. ಆದರೆ ಇನ್ನೂರು ವಾದ್ಯಗಳು ಒಂದೇ ಉಸಿರಿನಲ್ಲಿ ಮೊಳಗಿದಾಗ ಅವನ ಎದೆ ಝಲ್ಲೆನ್ನುವುದು ಈ ಲೆಕ್ಕದಿಂದಲೇ.

ಎಲ್ಲ ಬ್ಯಾಂಡುಗಳ ದಾರಿಯೂ ಒಂದೇ ಅಲ್ಲ. ವರ್ಣಭೇದದ ಕಾಲದಲ್ಲಿ ಕರಿಯ ಜನಾಂಗದವರಿಗೆಂದು ಬೆಳೆದ ಕಾಲೇಜುಗಳಲ್ಲಿ ಬೇರೆಯೇ ಒಂದು ಸೊಗಸು ಅರಳಿತು. ಫ್ಲಾರಿಡಾ ಎ ಅಂಡ್ ಎಂ ವಿಶ್ವವಿದ್ಯಾನಿಲಯದಲ್ಲಿ 1946ರಲ್ಲಿ ಬ್ಯಾಂಡಿನ ಹೊಣೆ ಹೊತ್ತ ವಿಲಿಯಂ ಫಾಸ್ಟರ್ ಅವರು ನಡಿಗೆಗೆ ಕುಣಿತವನ್ನು ಬೆಸೆದರು. ಮೊಳಕಾಲನ್ನು ಎದೆಯತ್ತ ಎತ್ತಿ ಇಡುವ ಹೆಜ್ಜೆ, ಆ ಕಾಲದ ಜನಪ್ರಿಯ ಹಾಡುಗಳು, ವಾದ್ಯವನ್ನು ಹಿಡಿದೇ ಮಾಡುವ ನೃತ್ಯ. ನಮ್ಮ ಡೊಳ್ಳು ಕುಣಿತವನ್ನು ಕಂಡವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಭಾರ ಹೊತ್ತವನು ಹಗುರಾಗಿ ಕುಣಿದರೆ ನೋಡುವವನ ಮೈಯೂ ಹಗುರಾಗುತ್ತದೆ. 1989ರ ಜುಲೈ 14ರಂದು ಫ್ರೆಂಚ್ ಕ್ರಾಂತಿಯ ಇನ್ನೂರನೆಯ ವರ್ಷದ ಉತ್ಸವದಲ್ಲಿ ಈ ಬ್ಯಾಂಡು ಪ್ಯಾರಿಸ್ಸಿನ ಬೀದಿಯಲ್ಲಿ ಕುಣಿಯುತ್ತಾ ಸಾಗಿತು. 2023ರಲ್ಲಿ ಇದೇ ಪರಂಪರೆಯ ಟೆನೆಸಿ ಸ್ಟೇಟ್ ವಿಶ್ವವಿದ್ಯಾನಿಲಯದ ಬ್ಯಾಂಡು ತನ್ನ ಧ್ವನಿಮುದ್ರಣಕ್ಕೆ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು.

ನಗಿಸುವ ಬ್ಯಾಂಡುಗಳೂ ಇವೆ. ಸಾಲು, ಶಿಸ್ತುಗಳನ್ನೇ ಅಣಕಿಸುವುದು ಇವರ ವಿನೋದ. ಆದರೆ ವಿನೋದಕ್ಕೂ ಬೆಲೆ ತೆರಬೇಕಾಗುತ್ತದೆ. 1973ರ ನವೆಂಬರಿನಲ್ಲಿ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾನಿಲಯದ ಬ್ಯಾಂಡಿನವರು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯದ ಸೈನಿಕ ಸಂಪ್ರದಾಯವನ್ನೂ ಅವರ ಮುದ್ದಿನ ನಾಯಿಯನ್ನೂ ಗೇಲಿ ಮಾಡಿದರು. ಕೆರಳಿದ ಜನರ ಕೈಗೆ ಸಿಗದಂತೆ, ಆಟ ಮುಗಿದ ಮೇಲೆ ಬಹಳ ಹೊತ್ತು ಕ್ರೀಡಾಂಗಣದೊಳಗೇ ಉಳಿದು, ಕಡೆಗೆ ಆಹಾರ ಸಾಗಿಸುವ ವಾಹನಗಳಲ್ಲಿ ಹೊರಗೆ ಹೋಗಬೇಕಾಯಿತು! ಎದುರು ಪಕ್ಷದವನೂ ನಗುವಂತಿದ್ದರೆ ಅದು ಹಾಸ್ಯ. ಅವನು ಅವಮಾನದಿಂದ ಕುದಿಯುವಂತಾದರೆ ಬರೀ ಮೂದಲಿಕೆ. ಇವೆರಡರ ನಡುವಿನ ಗೆರೆ ಮೈದಾನದ ಬಿಳಿ ಗೆರೆಯಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಸಂತೋಷದ ಈ ಕಥೆಯಲ್ಲಿ ಒಂದು ಕರಾಳ ಪುಟವೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. 2011ರ ನವೆಂಬರಿನಲ್ಲಿ ಅದೇ ಫ್ಲಾರಿಡಾ ಬ್ಯಾಂಡಿನ ಒಬ್ಬ ಡ್ರಮ್ ಮೇಜರ್, ಪಂದ್ಯದ ನಂತರ ಬಸ್ಸಿನಲ್ಲಿ ಸಹ ಸದಸ್ಯರೇ ನಡೆಸಿದ ರ‍್ಯಾಗಿಂಗಿನ ಹೊಡೆತಗಳಿಂದ ಪ್ರಾಣ ಬಿಟ್ಟ. ಬ್ಯಾಂಡನ್ನು ಅಮಾನತುಗೊಳಿಸಿದರು, ಅದು ಮತ್ತೆ ಮೈದಾನಕ್ಕೆ ಇಳಿದದ್ದು 2013ರಲ್ಲಿ. ಒಗ್ಗಟ್ಟು ಬರುವುದು ಒಟ್ಟಿಗೆ ಅಭ್ಯಾಸ ಮಾಡುವುದರಿಂದ, ಒಬ್ಬರನ್ನೊಬ್ಬರು ನೋಯಿಸುವುದರಿಂದಲ್ಲ. ಸಾವಿರಾರು ಜನರಿಗೆ ಸಂತೋಷ ಹಂಚುವವರು ತಮ್ಮೊಳಗೆ ಭಯವನ್ನು ಸಾಕಿಕೊಂಡರೆ ಆ ಸಂತೋಷಕ್ಕೆ ಅರ್ಥವಿಲ್ಲ. ಬಾಗಿಲು ತೆರೆದಷ್ಟೂ ಬ್ಯಾಂಡು ದೊಡ್ಡದಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ಒಹಾಯೋ ಸ್ಟೇಟ್ ಬ್ಯಾಂಡಿಗೆ ಹೆಣ್ಣುಮಕ್ಕಳು ಸೇರಿದ್ದು 1973ರಲ್ಲಿ. ಇಂದು ಹುಡುಗಿಯರಿಲ್ಲದ ಆ ಸಾಲನ್ನು ಊಹಿಸಿಕೊಳ್ಳುವುದೇ ಕಷ್ಟ.

ಮತ್ತೆ ಆ ಎರಡನೆಯ ಪಂದ್ಯಕ್ಕೆ ಬರೋಣ. ವಿರಾಮ ಬಂದಾಗ ಸೋದರಳಿಯ ಎಂದಿನಂತೆ ಎದ್ದ. ಮೆಟ್ಟಿಲು ಇಳಿಯುತ್ತಿದ್ದವನು ಒಮ್ಮೆ ಹಿಂತಿರುಗಿ ನೋಡಿದ. ಕೆಳಗೆ ಒಂದು ದೊಡ್ಡ ಚಕ್ರ ತನ್ನಷ್ಟಕ್ಕೆ ತಿರುಗುತ್ತಾ ಬಿಚ್ಚಿಕೊಳ್ಳುತ್ತಿತ್ತು. ಅವನು ಅಲ್ಲೇ, ಮೆಟ್ಟಿಲಿನ ಮೇಲೆಯೇ ಕುಳಿತುಬಿಟ್ಟ. ಏಳೆಂಟು ನಿಮಿಷ ಅಲುಗಲಿಲ್ಲ. ಕಾಫಿಯ ನೆನಪೂ ಆಗಲಿಲ್ಲ.

ಆಟ ಮುಗಿದ ಮೇಲೆ ಮಗಳು ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆವರು ಒರೆಸುತ್ತಾ ಬಂದಳು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಷ್ಟು ಹುಡುಕಿದರೂ ನೀನು ಎಲ್ಲಿದ್ದೀಯೆಂದು ಗೊತ್ತಾಗಲಿಲ್ಲವಲ್ಲ’ ಎಂದ. ಅವನ ದನಿಯಲ್ಲಿ ತಪ್ಪೊಪ್ಪಿಗೆಯಿತ್ತು. ಅವಳು ನಕ್ಕು, ‘ಗೊತ್ತಾಗಲಿಲ್ಲ ಅಂದರೆ ಸರಿಯಾಗಿ ನಡೆದೆ ಅಂತ ಅರ್ಥ ಅಪ್ಪಾ. ಕಂಡಿದ್ದರೆ ನಾನು ಸಾಲು ತಪ್ಪಿದ್ದೆ’ ಎಂದಳು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ. ತಾನು ಕಾಣದೆ ಇಡೀ ಚಿತ್ರ ಕಾಣುವಂತೆ ಇನ್ನೂರು ಮಂದಿ ಒಪ್ಪಿ ನಡೆದಾಗ, ಅದನ್ನು ಬಿಟ್ಟು ಏಳಲು ಯಾರಿಗೂ ಮನಸ್ಸಾಗುವುದಿಲ್ಲ. ನಮ್ಮ ಶಾಲೆ ಕಾಲೇಜುಗಳ ಕ್ರೀಡೋತ್ಸವದಲ್ಲಿಯೂ ಒಂದು ಬ್ಯಾಂಡು ಇದ್ದೇ ಇರುತ್ತದೆ. ಮುಂದಿನ ಸಲ ಅದು ಮೈದಾನಕ್ಕೆ ಬಂದಾಗ, ಕಾಫಿಗೆ ಏಳುವ ಮುನ್ನ ಒಂದು ಗಳಿಗೆ ತಿರುಗಿ ನೋಡಿ. ಸಾಧ್ಯವಾದರೆ, ಸ್ವಲ್ಪ ಎತ್ತರದ ಜಾಗದಿಂದ ನೋಡಿ.