ಆರು ಮಂದಿಯ ದೋಣಿಸಂಸಾರ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಸಮುದ್ರಯಾನದ ಮಾತೇಕೆ ಎಂದು ತಾವು ಕೇಳಬಹುದು. ವಿಶಾಖಪಟ್ಟಣದಲ್ಲಿರುವ ನಮಗೆ ಕಡಲು ದಿನವೂ ಕಣ್ಣೆದುರಿಗಿದೆ. ಆದರೆ ಸಂಜೆಯ ಗಾಳಿಸೇವನೆಗೆ ಹೊರತು ಅದರ ಗೊಡವೆ ನಮಗಿಲ್ಲ. ಈ ಊರಿನವರೇ ಆದ ನೌಕಾಪಡೆಯ ಅಧಿಕಾರಿಣಿ ಸ್ವಾತಿಯವರೂ ಸೇರಿ ಆರು ಮಂದಿ ಮಹಿಳೆಯರು, ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ, ‘ತಾರಿಣಿ’ ಎಂಬ ಹಾಯಿನೌಕೆಯಲ್ಲಿ ಭೂಪ್ರದಕ್ಷಿಣೆ ಮಾಡಿದರು. 2017ರ ಸೆಪ್ಟೆಂಬರ್ 10ರಂದು ಗೋವೆಯಿಂದ ಹೊರಟವರು 2018ರ ಮೇ 21ರಂದು ಅಲ್ಲಿಗೇ ಮರಳಿದರು. ಕ್ರಮಿಸಿದ್ದು ಸುಮಾರು 21,600 ನಾವಿಕ ಮೈಲಿ.

ನೌಕೆಯ ಉದ್ದ ಸುಮಾರು 55 ಅಡಿ. ನ್ಯೂಜಿಲೆಂಡಿನಿಂದ ಫಾಕ್‌ಲ್ಯಾಂಡ್ ದ್ವೀಪಗಳಿಗೆ ಸುಮಾರು 40 ದಿನ. ನಡುವೆ ತಂಗಲು ಬಂದರಿಲ್ಲ. ಇಂಥ ಯಾನದ ದಿನಚರಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಗಾಳಿ ಒಂದೇ ಕಡೆಯಿಂದ ಬೀಸಿದರೆ ದಿನಗಟ್ಟಲೆ ಮನೆಯೇ ವಾಲಿಕೊಂಡಿರುತ್ತದೆ. ಒಲೆಯನ್ನು ತೊಟ್ಟಿಲಿನಂತೆ ತೂಗುಬಿಟ್ಟಿರುತ್ತಾರೆ. ಇಲ್ಲವಾದರೆ ಅನ್ನ ನೆಲದ ಪಾಲು. ಸುತ್ತಲೂ ನೀರು, ಕುಡಿಯಲು ಮಾತ್ರ ಅಳತೆಯ ನೀರು. ನಮ್ಮ ನಾಡನ್ನು ಹಾದುಬಂದ ಕೃಷ್ಣೆಯನ್ನು ವಿಜಯವಾಡದಲ್ಲಿ ಕೊಡಗಟ್ಟಲೆ ಬಳಸುವವರಿಗೆ ಆ ಕಷ್ಟ ಬೇಗ ತಿಳಿಯದು.

ರಾತ್ರಿಯೆಂದರೆ ಎಲ್ಲರೂ ಮಲಗುವ ಹೊತ್ತಲ್ಲ. ಹಡಗು ನಿಲ್ಲುವುದಿಲ್ಲವಾದ್ದರಿಂದ ಪಾಳಿಯಂತೆ ಎಚ್ಚರವಿರಬೇಕು. ಒಳಗೆ ಮಲಗಿದವರ ಪ್ರಾಣ ಹೊರಗೆ ಚುಕ್ಕಾಣಿ ಹಿಡಿದವರ ಕೈಯಲ್ಲಿ. ಅವರ ಆ ವರ್ಷದ ದೀಪಾವಳಿಯೂ ಆಸ್ಟ್ರೇಲಿಯಾದ ದಾರಿಯಲ್ಲಿ, ನಡುಗಡಲಿನಲ್ಲೇ ಕಳೆಯಿತು.

ಉತ್ತರಾಖಂಡ, ಹಿಮಾಚಲ, ಮಣಿಪುರ, ತೆಲಂಗಾಣ, ಆಂಧ್ರ—ಆರು ಮನೆಗಳ ಮಕ್ಕಳು. ಮನಸ್ತಾಪ ಬಂದೇ ಇರಬೇಕು, ಮನುಷ್ಯರಲ್ಲವೆ? ಆದರೆ ಮುನಿದವರಿಗೆ ಇಳಿದುಹೋಗುವ ಸೌಕರ್ಯವಿಲ್ಲ. ಮುನಿಸಿದ್ದರೂ ಪಾಳಿಯ ಹೊತ್ತಿಗೆ ಏಳಲೇಬೇಕು.

ಆ ಸೌಕರ್ಯ ನನಗಿತ್ತು. ಕೆಲವು ವರ್ಷಗಳ ಹಿಂದೆ ಹಬ್ಬದ ಊಟದ ಲೆಕ್ಕದ ಮಾತಿಗೆ ಸಿಟ್ಟಾಗಿ ಸಂಘದ ಸಭೆಯಿಂದ ಎದ್ದುಹೋದೆ. ಎರಡು ವರ್ಷ ಇತ್ತ ತಲೆಹಾಕಲಿಲ್ಲ. ಮಕ್ಕಳ ಕನ್ನಡ ತರಗತಿ ನನ್ನ ಪಾಲಿನದಾಗಿತ್ತು. ಅದನ್ನು ನಿಲ್ಲಿಸದೆ ನಡೆಸಿದ ಹಿರಿಯರು ಈಗ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಆದ್ದರಿಂದ ನಾನೇ ಆಡಬೇಕಾಗಿದೆ. ರಾಯರೆ, ತಪ್ಪಾಯಿತು. ಬರುವ ಭಾನುವಾರದಿಂದ ಆ ಪಾಳಿ ನನ್ನದು, ತಾವು ವಿಶ್ರಮಿಸಿಕೊಳ್ಳಿ.